ಸಮುದಾಯ ಭವನದ ಕೀಲಿ

೩೦ ಏಪ್ರಿಲ್
ಬೆಳಿಗ್ಗೆಯಿಂದ ಚಹಾ ಕುದಿಸುವುದೇ ಕೆಲಸ. ಬಸವ ಜಯಂತಿ. ನನ್ನ ಗಂಡ ದೌಲತರಾಯರು ಸಮಾನತೆಯ ಮೇಲೆ ಮುಕ್ಕಾಲು ತಾಸು ಭಾಷಣ ಬಿಗಿದರು. ಪಂಚಾಯತಿ ಅಧ್ಯಕ್ಷೆ ನಾನು. ಸಹಿ ನನ್ನದು, ಮೈಕು ಅವರದು.

ಚಪ್ಪಾಳೆ ನಿಲ್ಲುವುದರೊಳಗೆ ಬೌದ್ಧರ ಓಣಿಯ ಧರ್ಮಣ್ಣ ಬಂದ. ಬುದ್ಧ ಪೂರ್ಣಿಮೆಗೆ ಮಗಳು ಯಶೋಧರಾಳ ಮದುವೆ, ಗಂಡಿನವರು ಕರಜಗಿಯವರು. ಸಮುದಾಯ ಭವನ ಬೇಕಂತೆ.

“ಅದು ಗುಡಿ ಜಾಗಾದಾಗ ಅದ ಧರ್ಮಣ್ಣ. ಕಮಿಟಿಗಿ ಕೇಳ್ಬೇಕಾಗ್ತದ,” ಎಂದರು ಇವರು.

ಕಮಿಟಿಯ ಚೇರಮನ್ನರೂ ಇವರೇ. ಕೀಲಿ ಇವರ ಅಂಗಿ ಜೇಬಿನಲ್ಲೇ ಇತ್ತು. ಥೂ.

೩ ಮೇ
ಭವನ ಕಟ್ಟಿಸಿದ್ದು ಸರಕಾರ. ಜಾಗ ಪುಕ್ಕಟೆ ಸಿಕ್ಕಿತೆಂದು ಗುಡಿಯ ಅಂಗಳದಲ್ಲಿ. ಗೋಡೆಯ ಕಲ್ಲಿನಲ್ಲಿ ‘ಸರ್ವ ಸಮುದಾಯಗಳಿಗೆ’ ಎಂದು ಕೆತ್ತಿದ್ದಾರೆ.

ಧರ್ಮಣ್ಣ ತಹಶೀಲ್ದಾರ್ ಸಾಹೇಬರ ಹತ್ತಿರ ಹೋಗಿದ್ದ. ಶಾಂತಿ ಸಭೆ ಮಾಡೋಣ ಎಂದರಂತೆ. ಮದುವೆಗೆ ಹಾಲ್ ಕೇಳಿದರೆ ಅಶಾಂತಿ...

೭ ಮೇ, ಮಧ್ಯಾಹ್ನ
ಸಭೆ ಆಯಿತು. ಕಮಿಟಿ ‘ದೊಡ್ಡ ಮನಸ್ಸು’ ಮಾಡಿದೆ. ಆದರೆ ವೇದಿಕೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೊ ಇಡುವಂತಿಲ್ಲ. ಮೊದಲು ಗುಡಿಗೆ ಕಾಯಿ ಒಡೆಸಬೇಕು. ಮುಗಿದ ಮೇಲೆ ಭವನ ತೊಳೆದುಕೊಡಬೇಕು.

ಸಾಹೇಬರು ನಕ್ಕರು. “ಜರಾ ಅಡ್ಜಸ್ಟ್ ಮಾಡ್ಕೋರಿ. ಕಾನೂನು ನಿಮ್ಮ ಕಡೀನೇ ಅದ. ಆದ್ರ ಊರಾಗ ಬಾಳ್ವೆ ಮಾಡ್ಬೇಕಲ್ಲ.”

ಧರ್ಮಣ್ಣ ಕೈ ಮುಗಿದ. ಮಗಳು ಯಶೋಧರಾ ಎದ್ದು ನಿಂತಳು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದಿದವಳು.

“ನೀವ್ಯಾಕ್ರಿ ದೊಡ್ಡ ಮನಸ್ಸು ಮಾಡ್ತೀರಿ? ಇದು ದೇವ್ರು ಕೊಟ್ಟದ್ದೂ ಅಲ್ಲ, ಸಾಹೇಬ್ರು ಕೊಟ್ಟದ್ದೂ ಅಲ್ಲ. ನಮ್ದದ.”

ಇವರು ಷರತ್ತಿನ ಹಾಳೆ ನನ್ನ ಮುಂದೆ ತಳ್ಳಿದರು. ನಾಳೆ ಸಹಿ ಹಾಕ್ತೇನಿ ಎಂದೆ. ಅಷ್ಟೇ ಆಯಿತು ನನ್ನಿಂದ.

೧೧ ಮೇ
ಸಹಿ ಹಾಕಿಲ್ಲ. ದಿನಾ ತಲೆನೋವೆಂದು ಮಲಗುತ್ತೇನೆ. ಮಗಳು ಷರತ್ತಿಗೆ ಒಪ್ಪಲಿಲ್ಲವೆಂದು ಧರ್ಮಣ್ಣ ಓಣಿಯಲ್ಲೇ ಶಾಮಿಯಾನ ಹಾಕಿಸುತ್ತಿದ್ದಾನಂತೆ, ಈ ಬಿಸಿಲಲ್ಲಿ. ಇವರು ಉಂಡು ತೇಗಿದರು. “ತಾವಾಗೇ ಬಿಟ್ರು ನೋಡು.” ತಾಟು ಎತ್ತಿ ಒಗೆಯಬೇಕೆನಿಸಿತು.

೧೨ ಮೇ, ಮಧ್ಯಾಹ್ನ
ಭವನದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಅಂಗಿ ಜೇಬಿಗೆ ಕೈ ಹಾಕಿದೆ. ಬಾಗಿಲು ತೆಗೆದು ಓಣಿಗೆ ಹೇಳಿಕಳಿಸಿದೆ — ಬರ್ರಿ. ಒಳಗೆ ಎರಡೂ ಫೋಟೊಗೆ ಹೂ ಬಿದ್ದಿದೆ. ಬಿಳಿ ಸೀರೆಯಲ್ಲಿ ಹುಡುಗಿ ಚೆಂದ ಕಾಣುತ್ತಾಳೆ.

ಇವರು ಬಂದರು. ಹಿಂದೆ ಕಮಿಟಿಯವರು.

“ಯಾರಿಗಿ ಕೇಳಿ ತಗದಿ?”

“ಅಧ್ಯಕ್ಷರಿಗಿ ಕೇಳಿ.”

ಹಿಂದೆ ಯಾರೋ ಕಿಸಕ್ಕೆಂದರು. ಇವರ ಮುಖ ಕಪ್ಪಿಟ್ಟಿತು.

“ಮನಿಗಿ ಹ್ಯಾಂಗ ಬರ್ತಿ ನೋಡ್ತೇನಿ,” ಎಂದು ಹೋದರು.

ಯಶೋಧರಾ ಊಟಕ್ಕೆ ಕರೆಯುತ್ತಿದ್ದಾಳೆ. ಉಂಡು ಹೋಗಬೇಕು. ಮನೆ ಅವರ ಹೆಸರಿನಲ್ಲಿದೆ. ಒಳಗೆ ಬಿಡಿರೆಂದು ನಾನು ಯಾರಿಗೆ ಕೇಳಲಿ?