ಹೂಕುಂಡದ ಮಣ್ಣು

ಬುಧವಾರ, ಬೆಳಿಗ್ಗೆ

ನನ್ನ ಮುದ್ದು ಮಣ್ಣುಹುಳವೇ,

ಅಪ್ಪನ ಆಶೀರ್ವಾದ. ಚೆನ್ನಾಗಿದ್ದೀನಿ ಅಂತ ಬರೀಬೇಕು, ಆದ್ರೆ ಸೋಮವಾರದಿಂದ ಅನ್ನ ಕಂಡ್ರೆ ವಾಕರಿಕೆ. ಕಾರಣ ಹೊಟ್ಟೆಯಲ್ಲ, ಅಳಿಯ. ಇನ್ಮೇಲೆ ನನಗೆ ಅಳಿಯ ಅಲ್ಲ, ಬರೀ ನಿನ್ನ ಗಂಡ ಅಂದ್ಕೋ. ಫೋನಲ್ಲೇ ಹೇಳ್ತಿದ್ದೆ. ಆದ್ರೆ ನಿಮ್ಮಮ್ಮ ಪಕ್ಕದಲ್ಲೇ ಕೂತು, ಸಂಸಾರಕ್ಕೆ ಹುಳಿ ಹಿಂಡಬೇಡಿ ಅಂತ ಕಣ್ಣಲ್ಲೇ ಗದರಿಸ್ತಾಳೆ.

ಮೂರು ಸೀಮೆ ಸುತ್ತಿ, ಹತ್ತಿ ಮೊಳಕೆಯಲ್ಲಿದ್ದಾಗ, ಹೂ ಬಿಟ್ಟಾಗ, ಕಾಯಿ ಕಟ್ಟಿದಾಗ ಗಿಡ ಕಿತ್ತು, ಕೊಡವಿದ ಮೇಲೂ ಮಣ್ಣು ಅಂಟಿಕೊಂಡಿರೋ ಬೇರನ್ನ ಚೀಲಕ್ಕೆ ಹಾಕಿ ಗಂಡನ ಲ್ಯಾಬಿಗೆ ಕಳಿಸಿದವಳು ನೀನು. ಬೇರು ಎಳೇದಿದ್ದಾಗ ಬರೋ ಸೂಕ್ಷ್ಮಜೀವಿ ನೆಂಟರೇ ಬೇರೆ, ಹೂವಿನ ಹೊತ್ತಲ್ಲಿ ಮುತ್ತೋರೇ ಬೇರೆ, ಸೀಮೆ ದಾಟಿದ್ರೆ ಬಳಗವೇ ಬೇರೆ ಅಂತ ತೋರಿಸೋಕೆ ಹೊರಟವಳು. ಈಗ ಕಾಯಿ ಹಂತದ ರಿಪೋರ್ಟು ಮೂರು ಸೀಮೆಯದೂ ಒಂದೇ ತರ ಬಂತು, ನಾನು ನಂಬಿದ್ದೇ ಸುಳ್ಳು, ಕೆಲಸ ಬಿಟ್ಟು ಬರ್ತೀನಿ ಅಂತ ಅತ್ತೆಯಂತೆ. (ನಿನ್ನತ್ತೆಯಲ್ಲ, ನೀನು.)

ಅಳಬೇಡ ಕಣೇ. ಮೂರೂ ಒಂದೇ ಮಣ್ಣು. ಒಂದೇ ಕುಂಡದ್ದು.

ಸೋಮವಾರ ಅಳಿಯಂದ್ರನ್ನ ಬೆಚ್ಚಿಬೀಳಿಸೋಣ ಅಂತ ಒಂದು ರಬ್ಬರ್ ಹಲ್ಲಿ ತಗೊಂಡು ಲ್ಯಾಬಿಗೆ ಹೋದೆ. ನಿನ್ನ ಚೀಲಗಳಿರೋ ಫ್ರೀಜರ್ ತೆಗೆದ್ರೆ ತಳದಲ್ಲಿ ಕಪ್ಪು ಲೋಳೆ ಹೆಪ್ಪುಗಟ್ಟಿದೆ. ಹಲ್ಲಿ ಇಡೋಕೆ ಚೀಲ ಬಿಚ್ಚಿದ್ರೆ ಒಳಗೆ ಹೂಕುಂಡಕ್ಕೆ ಹಾಕೋ ತೆಂಗಿನ ನಾರಿನ ಪುಡಿ, ಜೊತೆಗೊಂದು ಸಿಗರೇಟಿನ ತುಂಡು. ಯಾವ ಹತ್ತಿ ಗಿಡ ಸಿಗರೇಟು ಸೇದುತ್ತೆ ಹೇಳು? ಇನ್ನೊಂದು ಸೀಮೆಯ ಚೀಲದಲ್ಲೂ ಅದೇ ನಾರು. ಹಿಂದಿನ ಮೆಟ್ಟಿಲ ಹತ್ರ, ಎಲ್ಲರೂ ಸೇದಿ ತುಂಡು ಚುಚ್ಚೋ ಹೂಕುಂಡ ಇದೆಯಲ್ಲ, ಅದು ಅರ್ಧ ಖಾಲಿ.

ಅಳಿಯಂದ್ರನ್ನೇ ಹಿಡಿದು ಕೇಳಿದೆ. ರಜೆಗೆ ಮುಂಚೆ ಟೀ ಕೆಟಲ್ ಹಾಕೋಕೆ ಫ್ರೀಜರಿನ ಪ್ಲಗ್ ಕಿತ್ತವರು ವಾಪಸ್ ಹಾಕೋದು ಮರೆತ್ರಂತೆ. ಬಂದು ನೋಡಿದ್ರೆ ಕಾಯಿ ಹಂತದ ಬೇರುಗಳೆಲ್ಲ ಕೊಳೆತು ನಾರ್ತಿದ್ವಂತೆ. ಮರೆವು ಯಾರಿಗಿಲ್ಲ? ನಾನು ಹಲ್ಲುಸೆಟ್ಟನ್ನೇ ಮರೀತೀನಿ. ಅದಕ್ಕಲ್ಲ ನನಗೆ ಹೇಸಿಗೆ. ನಿನ್ನ ಕೈಬರಹದ ಚೀಟಿಗಳನ್ನ ಕಿತ್ತು, ಒರೆಸಿ, ಒಣಗಿಸಿ, ಕುಂಡದ ಮಣ್ಣಿನ ಚೀಲಕ್ಕೆ ಅಂಟಿಸಿದ್ರಲ್ಲ, ಅದಕ್ಕೆ. ನೀನು ಅತ್ತಾಗ ಫೋನಲ್ಲಿ ಪಾಪ ಪಾಪ ಅಂತ ಸಮಾಧಾನ ಮಾಡಿದ್ರಲ್ಲ, ಅದಕ್ಕೆ. ಥೂ! ಕೊನೆಗೆ ಎಲ್ಲಾ ಮಣ್ಣೇ ತಾನೇ ಮಾವ, ಅಂದ್ರು. ಮಣ್ಣು ತಿನ್ನೋ ಕೆಲಸ ಮಾಡಿದ ಬಾಯಲ್ಲಿ ಇನ್ನೇನು ಬರುತ್ತೆ! ಅವರು ಮುಟ್ಟಿದ ಕೈಯನ್ನ ಸೋಪು ಹಾಕಿ ತೊಳ್ಕೊಂಡೆ. ವಾಸನೆ ಹೋಗ್ಲಿಲ್ಲ.

ನೀನು ಕೆಲಸ ಬಿಡಬೇಡ. ತಡವಾಗಿ ಬಿತ್ತಿದ ಹೊಲಗಳಲ್ಲಿ ಕಾಯಿ ಇನ್ನೂ ಹಸಿರಾಗಿವೆ ಅಂದಿದ್ದೆಯಲ್ಲ, ಅಲ್ಲೇ ಮತ್ತೆ ಕೀಳು. ಚೀಲ ನನ್ನ ಹೆಸರಿಗೆ ಕಳಿಸು. ಫ್ರೀಜರಿನ ಮುಂದೆ ಕುರ್ಚಿ ಹಾಕ್ಕೊಂಡು ಕಾಯ್ತೀನಿ.

ಇಂತಿ,
ಹಲ್ಲಿಲ್ಲದಿದ್ರೂ ಕಚ್ಚೋ
ನಿನ್ನಪ್ಪ

ತಾ.ಕ.: ನಿನ್ನೆ ಅಳಿಯಂದ್ರು ಮನೆಗೆ ಬಂದು, ತಾವೇ ನಿನಗೆ ಹೇಳ್ತಾರಂತೆ, ಸ್ವಲ್ಪ ಟೈಮ್ ಕೊಡಿ ಅಂದ್ರು. ಕೊಟ್ಟೆ. ಬಾಯಿ ಬಿಡಲ್ಲ ಅಂತ ಮಾತೂ ಕೊಟ್ಟೆ. ಬಾಯಿ ಬಿಟ್ಟಿಲ್ಲ, ಬರೆದೆ ಅಷ್ಟೆ. ಈ ಕಾಗದ ನಿನ್ನ ಕೈ ಸೇರೋವರೆಗೇ ಅವರ ಗಡುವು. ಅದು ಅವರಿಗೆ ಗೊತ್ತಿಲ್ಲ. ಅಷ್ಟರೊಳಗೆ ಹೇಳಿದ್ರೋ ಇಲ್ಲವೋ, ಈಗ ನಿನಗೊಬ್ಬಳಿಗೇ ಗೊತ್ತು. ಹೇಳಿದ್ರೆ ಇದನ್ನ ಹರಿದು ಹಾಕು, ಓದೇ ಇಲ್ಲ ಅಂದ್ಕೋ. ಇಲ್ಲಾಂದ್ರೆ ಇಟ್ಕೋ.