ಖಾಡಿಯೋ ಖಾದಿಯೋ

ಡೊಂಬಿವಲಿ
೧೨-೧-೧೯೮೬, ರವಿವಾರ

ಪ್ರೀತಿಯ ಮೊಮ್ಮಗಳು ಚಂದವ್ವನಿಗೆ ಅಜ್ಜಿಯ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಪುಣೆಯ ಚಳಿಯಲ್ಲಿ ಕಿವಿ ಮುಚ್ಚಿಕೊಳ್ಳದೆ ತಿರುಗುತ್ತೀ, ನನಗೆ ಗೊತ್ತು. ನನ್ನ ಮೊಣಕಾಲು ಮಾತು ಕೇಳುವುದಿಲ್ಲ, ಉಳಿದದ್ದೆಲ್ಲ ಕ್ಷೇಮ. ಅಪ್ಪನ ಹಾಗೆ ವಿಮಾನದಿಂದ ಚಿತ್ರ ತೆಗೆಯುತ್ತೇನೆ, ಅವನು ತೆಗೆದಲ್ಲೇ ಮತ್ತೆ ತೆಗೆಯುತ್ತೇನೆ, ಒಪ್ಪಿಗೆ ಕೊಡು ಎಂದು ನೀನು ಬರೆದಿದ್ದೆ. ನನಗೆ ಸಿಟ್ಟು ಬಂದು ಮೂರು ವಾರ ಉತ್ತರಿಸಲಿಲ್ಲ. ನನ್ನ ಮಗ ಭುಜಂಗನನ್ನು ಒಯ್ದದ್ದು ಕಾಮಾಲೆ, ವಿಮಾನವಲ್ಲ, ನಿಜ. ಆದರೂ ಅವನು ಮೇಲೆ ಹೋದ ದಿನವೆಲ್ಲ ನನಗೆ ತುತ್ತು ಇಳಿಯುತ್ತಿರಲಿಲ್ಲ. ಏನು ಚಿತ್ರ ಎಂದು ಕೂಡ ಕೇಳಿದವಳಲ್ಲ.

ಈಗ ಸುದ್ದಿ ಕೇಳು. ಅವನು ಹೋಗಿ ಎರಡು ವರ್ಷವಾಯಿತೆಂದು ಕನ್ನಡ ಸಂಘದವರು ನಿನ್ನೆ ಅವನ ಸಿನಿಮಾ ಹಾಕಿಸಿದರು. ಬೋರ್ಡು ಬರೆಯುವ ಕೆಲಸ ನನಗೇ ಬಂತು. 'ಭುಜಂಗನ ಖಾಡಿ ಚಿತ್ರ' ಎಂದರು ಕಾರ್ಯದರ್ಶಿ. ಇಲ್ಲಿಯವರು ಸಮುದ್ರದ ಹಿನ್ನೀರಿಗೆ ಖಾಡಿ ಎನ್ನುತ್ತಾರೆಂದು ನನಗೇನು ಗೊತ್ತು? ಪಾಪ, ಇವರ ನಾಲಿಗೆ ಹೊರಳುವುದಿಲ್ಲ ಎಂದುಕೊಂಡು ತಿದ್ದಿ, ದಪ್ಪಕ್ಷರದಲ್ಲಿ 'ಖಾದಿ ಚಿತ್ರ' ಎಂದು ಬರೆದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವಳು ನೋಡು! ವಿಮಾನದಿಂದ ಯಾರಾದರೂ ಖಾದಿ ತೋರಿಸುತ್ತಾರೆಯೇ ಎಂದು ನಗಬೇಡ.

ಎಂಬತ್ತು ಜನ ಬಂದರು, ಠಾಣೆ ಊರಿನಿಂದ ಲೋಕಲ್ ರೈಲು ಹಿಡಿದು ಕೂಡ. ಹಿರಿಯರಾದ ರಾಯಪ್ಪನವರು ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು ಚರಕವನ್ನೇ ಹೊತ್ತು ತಂದಿದ್ದರು. ತೆರೆಯ ಮೇಲೆ ಬರೀ ನೀರು. "ನೂಲ ಎಲ್ಲೈತ್ರೀ ಅಕ್ಕಾರ?" ಎಂದರು. ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆದರೆ ಒಬ್ಬರೂ ಎದ್ದು ಹೋಗಲಿಲ್ಲ. ನಾವು ದಿನಾ ಮೂಗು ಹಿಡಿದು ದಾಟುವ ನಾಲೆ ಕೆಂಪಗೆ ಹರಿದು ಖಾಡಿಗೆ ಸೇರುತ್ತಿತ್ತು, ಅದು ಮುಟ್ಟಿದಲ್ಲೆಲ್ಲ ದಂಡೆಯ ಹಸಿರು ಒಣಗಿತ್ತು. ಪಕ್ಕದ ಮನೆಯ ಸೈದಪ್ಪ ಎದ್ದು ನಿಂತು, "ಇದು ನಮ್ಮ ಕಾರ್ಖಾನಿ ನೀರ ಐತ್ರೀ!" ಎಂದ. ಖಾಡಿ ಉಳಿಸಿ ಎಂದು ಭುಜಂಗ ಬರೆದಿದ್ದ ಅರ್ಜಿಯನ್ನು ಕಾರ್ಯದರ್ಶಿ ಹೊರತೆಗೆದರು; ಐದು ವರ್ಷ ಅಲೆದರೂ ಅವನಿಗೆ ಮೂರೇ ಸಹಿ ಸಿಕ್ಕಿತ್ತಂತೆ. ನಿನ್ನೆ ಎಂಬತ್ತೂ ಜನ ಹಾಕಿದರು, ಮೊದಲು ಸೈದಪ್ಪನೇ.

ಅವನ ಮುಖ ಎಲ್ಲಾದರೂ ಕಂಡೀತೆಂದು ಕಾದೆ, ಕಾಣಲಿಲ್ಲ. ಕೊನೆಗೆ ನೀರಿನ ಮೇಲೆ ವಿಮಾನದ ಸಣ್ಣ ನೆರಳು ಓಡಿತು. ಅದರೊಳಗೆ ನನ್ನ ಮಗ ಇದ್ದನಲ್ಲ! ಅತ್ತುಬಿಟ್ಟೆ, ಚಂದವ್ವ. ಆದರೆ ಮನಸ್ಸಿಗೆ ಸಮಾಧಾನವಾಯಿತು. ರಾತ್ರಿ ಒಳ್ಳೆಯ ನಿದ್ದೆ ಬಂತು.

ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಜ್ಜಿ,
ಬಸವಣ್ಣೆವ್ವ

ತಾ.ಕ.: ನೀನು ಕಳಿಸಿದ್ದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಇದರೊಳಗೇ ಮಡಿಚಿಟ್ಟಿದ್ದೇನೆ. ಹಾರುವ ದಿನ ಮೊದಲೇ ತಿಳಿಸು. ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು ಟೆರೇಸಿನ ಮೇಲೆ ನಿಂತಿರುತ್ತೇನೆ. ನಿನ್ನ ಚಿತ್ರದಲ್ಲಿ ನಾನು ಬರಬೇಕು.