ಪೆದ್ದಮ್ಮ ಕಲಿತ ಉತ್ತರ

ಮೊಳಕಾಲ್ಮೂರು,
18 ಫೆಬ್ರವರಿ 1912

ಗೆಳೆಯ ಸೂರಪ್ಪನಿಗೆ,

ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಬರುವುದಿಲ್ಲ. ಇದ್ದೇವೆ, ಅಷ್ಟೆ. ಚಳ್ಳಕೆರೆಯಲ್ಲಿ ನೀನೂ ನಿನ್ನ ಮನೆಯವರೂ ಮಕ್ಕಳೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಅದರಲ್ಲಿ ನೀನು ಕೇಳಿದ್ದು ಒಂದೇ ಮಾತು. "ಡಾಕ್ಟರ್ ದೊರೆಸಾನಿ ನನ್ನ ತಂಗಿ ಪೆದ್ದಮ್ಮನ ಮನೆಗೇ ಬಂದಿದ್ರಂತೆ, ಎದುರಿಗೆ ನಿಂತು ಮಾತಾಡ್ಸಿದ್ರಂತೆ. ಅದಾಗಿ ನಾಕೇ ದಿನಕ್ಕೆ ಅವ್ಳು ಹೆಂಗೆ ಹೋದ್ಲು?"

ಉತ್ತರ ಬರೆಯುವುದು, ಹರಿಯುವುದು, ಇದೇ ಆಯಿತು. ನೀನು ತಂಗಿಯ ಮಣ್ಣಿಗೆ ಬಂದವನು ಹೊರಡುವ ಮುಂಚೆ ನಮ್ಮ ಬಾಗಿಲಿಗೂ ಬಂದೆ. ನಾನು ಊರಲ್ಲಿಲ್ಲವೆಂದು ನನ್ನ ಹೆಂಡತಿ ಈಶ್ವರಮ್ಮ ಹೇಳಿದಳು. ನಾನು ಒಳಗೇ ಇದ್ದೆ ಸೂರಪ್ಪ, ಗೋಡೆಗೆ ಒರಗಿ ಕುಳಿತಿದ್ದೆ. ನಿನ್ನ ದನಿ ಕೇಳುತ್ತಿತ್ತು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ದೀಪಾವಳಿಗೆ ಮುಂಚೆ ಊರಿಗೆ ಸುದ್ದಿ ಬಂತು. ಜಟಿಂಗ ರಾಮೇಶ್ವರದ ಬೆಟ್ಟದ ಮೇಲಿನ ಹಳೆಯ ಶಾಸನವನ್ನು ನೋಡಲು ಬಳ್ಳಾರಿಯ ಕಡೆಯಿಂದ ಒಬ್ಬ ಡಾಕ್ಟರ್ ದೊರೆಸಾನಿ ಬರುತ್ತಾರೆ, ದಾರಿಯಲ್ಲಿ ನಮ್ಮ ರೇಷ್ಮೆ ಮಗ್ಗಗಳನ್ನೂ ನೋಡುತ್ತಾರೆ ಎಂದು. ನೇಕಾರರ ಕೇರಿಯ ಹಿರಿಯ ಕಾಟಪ್ಪ ಶಾಲೆಗೇ ಬಂದ. "ಮೇಷ್ಟ್ರೇ, ನಮ್ಮ ಹೆಣ್ಮಕ್ಳಿಗೆ ನಾಕು ಮರ್ಯಾದೆ ಮಾತು ಇಂಗ್ಲಿಷ್ನಾಗೆ ಕಲಿಸಿಕೊಡ್ರಿ. ಆ ಯಮ್ಮ ಗಂಡಸ್ರ ಕೂಡ ಮಾತಾಡ್ತಾರೋ ಇಲ್ವೋ," ಎಂದ. ನನಗೆ ಹಿಗ್ಗಾಯಿತು. ಮಕ್ಕಳಿಗೆ ಎ ಬಿ ಸಿ ಡಿ ಹೇಳಿಸಿ ಸವೆದುಹೋದ ನಾಲಿಗೆ ನನ್ನದು. ಬಳ್ಳಾರಿಯಿಂದ ತಂದ ಸಣ್ಣದೊಂದು ಸಂಭಾಷಣೆ ಪುಸ್ತಕವಿತ್ತು. ಅದನ್ನು ಹಿಡಿದು ಹೊರಟೆ.

ನಿನ್ನ ತಂಗಿಯ ಗಂಡ ವೆಂಕಟೇಶಪ್ಪನ ಮನೆಯ ಪಡಸಾಲೆ ದೊಡ್ಡದಲ್ಲವೇ, ಅಲ್ಲೇ ಮಧ್ಯಾಹ್ನದ ಹೊತ್ತು ಏಳೆಂಟು ಹೆಂಗಸರು ಸೇರುತ್ತಿದ್ದರು. "ಪ್ಲೀಸ್ ಟೇಕ್ ಯುವರ್ ಸೀಟ್" ಎಂದು ಹೇಳಿಸಿದೆ. ಪ್ಲೀಸ್ ಎಂದರೇನು ಎಂದು ಬೊಮ್ಮಕ್ಕ ಕೇಳಿದಳು. ದಯಮಾಡಿ ಎಂದೆ. "ಕುಂತ್ಕಳ್ರಿ ಅಂದ್ರೆ ಆ ಕೊನೇ 'ರಿ'ಯಾಗೇ ಐತಲ್ಲ ಮೇಷ್ಟ್ರೇ ದಯೆ. ಬ್ಯಾರೆ ಯಾಕೆ?" ಎಂದಳು. ಥ್ಯಾಂಕ್ ಯೂ ಅವರಿಗೆ ಇನ್ನೂ ಕಷ್ಟವಾಯಿತು. ನೀರು ಕೊಟ್ಟವರಿಗೆ "ಹೊಟ್ಟೆ ತಣ್ಣಗಾತು ಕಣವ್ವ" ಎನ್ನುತ್ತೇವೆ, ಸುಮ್ಮನೆ ಎಲ್ಲದಕ್ಕೂ ಒಂದೇ ಮಾತು ಹೇಗೆ ಅನ್ನುವುದು ಎಂದು ಅವರ ವಾದ.

ಪೆದ್ದಮ್ಮ ಮಾತ್ರ ವಾದಿಸಲಿಲ್ಲ. ಎಂಟು ತಿಂಗಳ ಬಸುರಿ, ಕಂಬಕ್ಕೆ ಒರಗಿ, ಊದಿದ ಕಾಲು ಚಾಚಿ ಕುಳಿತು, ಒಮ್ಮೆ ಕೇಳಿದ್ದನ್ನು ಹಾಗೇ ಒಪ್ಪಿಸುತ್ತಿದ್ದಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡಿ ಬೆಳೆದವಳಿಗೆ ಮೂರನೆಯದು ಭಾರವಾಗಲಿಲ್ಲವೋ ಏನೋ. ಕಾಲು ಊದಿದ್ದನ್ನು ನಾನು ಕಂಡಿದ್ದೆ. ಹೆರಿಗೆ ಮಾಡಿಸುವ ದುರುಗಕ್ಕ, "ಬಸುರಿ ಹೆಂಗಸ್ಗೆ ಕಾಲು ಊದೋದು ಇದ್ದಿದ್ದೇ ಬಿಡ್ರಿ" ಎಂದಿದ್ದಳು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

"ಹೌ ಆರ್ ಯೂ" ಎಂದು ಕೇಳಿದರೆ "ಕ್ವೈಟ್ ವೆಲ್, ಥ್ಯಾಂಕ್ ಯೂ" ಎನ್ನಬೇಕು ಎಂದು ಕಲಿಸಿದ ದಿನ ಪಡಸಾಲೆಯೆಲ್ಲ ನಗು. "ನಾವಾದ್ರೆ ಸೊಂಟನೋವಿನಿಂದ ಸುರು ಮಾಡಿ ಸೊಸೆ ತನಕ ಹೇಳ್ತೀವಪ್ಪ," ಎಂದಳು ಬೊಮ್ಮಕ್ಕ. ಹಾಗೆಲ್ಲ ಹೇಳಬಾರದು, ಅವರು ಕೇಳುವುದು ಮರ್ಯಾದೆಗೆ, ನಾವು ಹೇಳುವುದೂ ಮರ್ಯಾದೆಗೆ ಎಂದು ನಾನು ಗದರಿದೆ. ಪುಸ್ತಕದಲ್ಲಿ ಆ ಪ್ರಶ್ನೆಗೆ ಇದ್ದದ್ದು ಅದೊಂದೇ ಉತ್ತರ.

ದೊರೆಸಾನಿ ಬಂದರು. ನಡುವಯಸ್ಸಿನ ತೆಳ್ಳನೆಯ ಹೆಂಗಸು, ಬಿಸಿಲಿಗೆ ಮುಖ ಕೆಂಪಗಾಗಿತ್ತು. ಅವರಿಗೆ ಕನ್ನಡ, ತೆಲುಗು ಬಾರದು, ಜೊತೆಯಲ್ಲಿದ್ದ ಆಳಿಗೆ ತಮಿಳು ಬಿಟ್ಟು ಬೇರೆ ಬಾರದು. ಗಂಡಸರೆಲ್ಲ ಬೀದಿಯಲ್ಲಿ ನಿಂತೆವು. ನಾನೊಬ್ಬ ಹೊಸ್ತಿಲ ತನಕ ಹೋದೆ. ಪೆದ್ದಮ್ಮ ಎದ್ದು ನಿಂತು ಗುಡ್ ಮಾರ್ನಿಂಗ್ ಹೇಳಿದಳು, ಪ್ಲೀಸ್ ಹೇಳಿ ಮಣೆ ತೋರಿಸಿದಳು. ದೊರೆಸಾನಿಯವರ ಮುಖ ಅರಳಿತು. ಹೌ ಆರ್ ಯೂ ಎಂದರು. ಪೆದ್ದಮ್ಮ ಒಂದಕ್ಷರ ತಪ್ಪದೆ ಉತ್ತರ ಕೊಟ್ಟಳು.

ಅವರು ಮುಂದಿನ ಮಗ್ಗಕ್ಕೆ ಹೋಗಲಿಲ್ಲ, ಸೂರಪ್ಪ. ಒಂದು ಗಳಿಗೆ ನಿಂತು ಅವಳ ಮುಖ ನೋಡಿದರು. ಮುಖವೂ ಊದಿತ್ತು. "ಆರ್ ಯೂ ಶೂರ್?" ಎಂದರು. ಆ ಪ್ರಶ್ನೆ ನಮ್ಮ ಪುಸ್ತಕದಲ್ಲಿರಲಿಲ್ಲ. ಪೆದ್ದಮ್ಮ ನನ್ನ ಕಡೆ ನೋಡಿದಳು. ಅವಳು ತಪ್ಪು ಹೇಳಿದಳೆಂದು ದೊರೆಸಾನಿ ತಿಳಿದಾರೆಂದು ನನಗೆ ಆತಂಕ. ಅದನ್ನೇ ಹೇಳು ಎಂಬಂತೆ ತಲೆಯಾಡಿಸಿದೆ. ಅವಳು ಇನ್ನೊಮ್ಮೆ, ಇನ್ನೂ ಸ್ಪಷ್ಟವಾಗಿ, ಕ್ವೈಟ್ ವೆಲ್ ಥ್ಯಾಂಕ್ ಯೂ ಎಂದಳು. ಅವರು ನಕ್ಕು, ಅವಳ ಭುಜ ತಟ್ಟಿ ಮುಂದೆ ಹೋದರು. ಹೊರಡುವಾಗ ನನ್ನ ಕೈ ಕುಲುಕಿದರು. ಅವತ್ತು ನಾನು ಅನ್ನ ಉಂಡೆನೋ ಇಲ್ಲವೋ ನೆನಪಿಲ್ಲ, ಅಷ್ಟು ಸಂತೋಷ.

ನಾಲ್ಕನೆಯ ದಿನ ಬೆಳಿಗ್ಗೆ ಪೆದ್ದಮ್ಮನಿಗೆ ಮೈಯೆಲ್ಲ ಸೆಟೆದು ಸೆಳವು ಬಂತು. ಒಂದಾದ ಮೇಲೊಂದು ಬಂತು. ಬೆಟ್ಟದ ಕಡೆ ಆಳು ಓಡಿಸಿದೆವು. ದೊರೆಸಾನಿ ಹಿಂದಿನ ದಿನವೇ ಹೊರಟುಹೋಗಿದ್ದರು. ಹೊತ್ತು ಇಳಿಯುವುದರೊಳಗೆ ತಾಯಿ ಹೋದಳು, ಕೂಸೂ ಉಳಿಯಲಿಲ್ಲ.

ಈಗ ವೆಂಕಟೇಶಪ್ಪ ಮತ್ತೆ ಮಗ್ಗಕ್ಕೆ ಕೂರುತ್ತಿದ್ದಾನೆ. ಮಾತು ಕಡಿಮೆ. ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ, ಅದೇ ನನಗೆ ಕಷ್ಟ. ಮೊನ್ನೆ ಸಂತೆಯಲ್ಲಿ ಸಿಕ್ಕವನು, "ಎಷ್ಟು ಚೆಂದ ಮಾತಾಡಿದ್ಲಲ್ಲ ಮೇಷ್ಟ್ರೇ ಅವತ್ತು," ಎಂದ. ನಾನು ಸಂತೆ ಮುಗಿಸದೆ ಮನೆಗೆ ಬಂದೆ. ಶಾಲೆಯಲ್ಲಿ ಪಾಠ ಹೇಳುತ್ತೇನೆ, ಮಕ್ಕಳು ಹೇಳುತ್ತವೆ, ಗಂಟೆ ಹೊಡೆಯುತ್ತದೆ. ಮನೆಗೆ ಬಂದು ಮಲಗುತ್ತೇನೆ. ಮೈಯಲ್ಲಿ ರೋಗವಿಲ್ಲ, ಆದರೂ ಏಳಲಾರೆ.

ನೀನು ಬಯ್ದು ಬರೆದರೂ ಸರಿ, ಬರೆಯದಿದ್ದರೂ ಸರಿ. ನಿನ್ನ ಮನೆಯವರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ನೂರು ವರ್ಷ ಆಯುಸ್ಸಾಗಲಿ, ಅವರ ಮನೆಬಾಗಿಲು ಯಾವತ್ತೂ ತಂಪಾಗಿರಲಿ.

ನಿನ್ನ,
ತಿಪ್ಪೇರುದ್ರಪ್ಪ

ಮತ್ತೆ ಬರೆದದ್ದು: ಕಾಗದ ಮಡಿಸಿದವನು ಬಿಚ್ಚಿದೆ. ಇಷ್ಟು ಹೊತ್ತು ತಪ್ಪನ್ನೆಲ್ಲ ಪುಸ್ತಕದ ಮೇಲೆ ಹಾಕಿ ಬರೆದೆ. ಇನ್ನೊಂದು ಉಂಟು, ಈಶ್ವರಮ್ಮನಿಗೂ ಹೇಳಿಲ್ಲ.

ದೊರೆಸಾನಿ ಬಂದ ದಿನ ಬೆಳಿಗ್ಗೆ ಪೆದ್ದಮ್ಮ ಒಬ್ಬಳೇ ಶಾಲೆಯ ಬಾಗಿಲಿಗೆ ಬಂದಿದ್ದಳು. "ಅಣ್ಣಾ, ಎರಡು ದಿನದಿಂದ ತಲೆ ಸಿಡೀತೈತೆ. ಮಗ್ಗದಾಗೆ ಕುಂತ್ರೆ ಒಂದೊಂದು ಎಳೆ ಎರಡೆರಡು ಕಾಣ್ತೈತೆ. ಆ ಯಮ್ಮ ಡಾಕ್ಟರಂತಲ್ಲ, ಇದ್ನ ಅವರ ಮಾತ್ನಾಗೆ ಹೆಂಗೆ ಹೇಳೋದು, ಕಲಿಸಿಕೊಡು," ಎಂದಳು. ದೊಡ್ಡವರ ಮುಂದೆ ರೋಗರುಜಿನದ ಮಾತು ಆಡುವುದು ಮರ್ಯಾದೆಯಲ್ಲ ಎಂದೆ. "ಹೌದಾ ಅಣ್ಣಾ," ಎಂದು ಹೊರಟುಹೋದಳು.

ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ನನಗೆ ಗೊತ್ತಿರಲಿಲ್ಲ, ಸೂರಪ್ಪ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ತಲೆಯ ಮೇಲೆ ಕೈಯಿಟ್ಟು ತೋರಿಸಮ್ಮ ಎಂದಿದ್ದರೂ ಸಾಕಿತ್ತು.